ಯೋಗಕ್ಕೆ ಮುಂಚಿನ ಪುಡಿ

ಮಾರಕ್ಕನ ಉಬ್ಬಸ ಆರೇ ತಿಂಗಳಲ್ಲಿ ಅಷ್ಟು ಕಡಿಮೆಯಾದದ್ದು ಬೈಯಪ್ಪನಹಳ್ಳಿಯ ಆ ಬೀದಿಗೆಲ್ಲ ಸಂತೋಷದ ಸಂಗತಿಯಾಗಿತ್ತು. ಸೊಸೆ ಯಮುನಾಳಿಗೆ ಮಾತ್ರ ಅದು ಅನುಮಾನದ ಸಂಗತಿಯಾಯಿತು.

1999ರ ಮಾತು. ಮಾರಕ್ಕನಿಗೆ ಆಗ ಅರವತ್ತೆರಡು. ಇಪ್ಪತ್ತು ವರ್ಷದಿಂದ ಉಬ್ಬಸ. ಚಳಿ ಶುರುವಾಯಿತೆಂದರೆ ಗೋಡೆಗೆ ಒರಗಿ ಕೂತು, ಎರಡೂ ಕೈ ಮಂಡಿಗೆ ಊರಿ, ಒಂದೊಂದು ಉಸಿರಿಗೂ ಭುಜ ಎತ್ತಿ ಇಳಿಸುತ್ತಿದ್ದಳು. ಅವಳ ಎದೆಯ ಸಿಳ್ಳೆ ಪಕ್ಕದ ಕೋಣೆಗೆ ಕೇಳುತ್ತಿತ್ತು. ಶಿವಾಜಿನಗರದ ಎದೆರೋಗದ ಡಾಕ್ಟರ್ ಇನಾಯತ್ ಉಲ್ಲಾ ಕೊಟ್ಟ, ಬಾಯಿಗೆ ಹಿಡಿದು ಮದ್ದು ಎಳೆದುಕೊಳ್ಳುವ ಪಂಪು ಸದಾ ಸೊಂಟದ ಚೀಲದಲ್ಲಿರುತ್ತಿತ್ತು.

ಹಿಂದೆ ರಾಗಿ ಕಣವಾಗಿದ್ದ ಮನೆಯ ಹಿತ್ತಲಲ್ಲಿ ಈಗ ಸಾಲಾಗಿ ಐದು ಬಾಡಿಗೆ ಕೋಣೆಗಳಿದ್ದವು. ಅವುಗಳಲ್ಲಿ ಕೊನೆಯ ಕೋಣೆಗೆ ಕೊಪ್ಪಳದ ಕಡೆಯ ಈರೇಶ ಬಂದದ್ದು ಆ ವರ್ಷದ ಯುಗಾದಿಗೆ ಸ್ವಲ್ಪ ಮುಂಚೆ. ಮೂವತ್ತರ ಆಸುಪಾಸಿನ ಸಣಕಲು ಮನುಷ್ಯ. ಹಗಲು ಇಂದಿರಾನಗರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ. ಬೆಳಿಗ್ಗೆ ಜೋಗುಪಾಳ್ಯದ ಒಂದು ಶಾಲೆಯ ಹಾಲಿನಲ್ಲಿ ಯೋಗದ ಕ್ಲಾಸು. ಉಬ್ಬಸ, ಕೆಮ್ಮು, ದಮ್ಮು ಇದ್ದವರಿಗೆಂದೇ ಅವನು ಅದನ್ನು ನಡೆಸುತ್ತಿದ್ದ. ಅವನ ತಂದೆ ಹತ್ತಿ ಮಿಲ್ಲಿನಲ್ಲಿ ದುಡಿದು ಎದೆ ಕೆಡಿಸಿಕೊಂಡವರಂತೆ. ಅವರಿಗೆ ಮಾಡಿಸಲೆಂದು ಒಂದು ಮಠದಲ್ಲಿ ಎರಡು ವರ್ಷ ಇದ್ದು ಕಲಿತದ್ದಂತೆ. ಹಾಗೆಂದು ಅವನೇ ಹೇಳಿಕೊಂಡಿದ್ದ. ಅದು ನಿಜವೋ ಸುಳ್ಳೋ ಯಾರು ಕಂಡವರು ಎಂದು ಯಮುನಾಳಿಗೆ ಮೊದಲ ದಿನವೇ ಅನ್ನಿಸಿತ್ತು.

ಮಾರಕ್ಕ ಅವನ ಜೊತೆ ಬಸ್ಸಿನಲ್ಲಿ ಕ್ಲಾಸಿಗೆ ಹೋಗತೊಡಗಿದಳು. ಮೊದಲ ತಿಂಗಳು ಅಷ್ಟಕ್ಕಷ್ಟೆ. ಆಮೇಲೆ ಏನಾಯಿತೋ, ಮುದುಕಿ ಮಹಡಿ ಮೆಟ್ಟಿಲು ಹತ್ತಿ ಬಟ್ಟೆ ಒಣಗಿಸಿ ಬಂದಳು. ಹಲಸೂರಿನ ದೇವಸ್ಥಾನಕ್ಕೆ ನಡೆದೇ ಹೋದಳು. ಸಿಳ್ಳೆ ನಿಂತಿತು. "ಉಸಿರಾಟ ಕಣಮ್ಮಾ, ಎಲ್ಲಾ ಉಸಿರಾಟದಾಗೈತೆ" ಎಂದು ಬೀದಿಯ ಹೆಂಗಸರಿಗೆ ಹೇಳುತ್ತಿದ್ದಳು. ಮಗ ಪ್ರೇಮ್‌ಕುಮಾರ್ ಹಳೇ ಮದರಾಸು ರಸ್ತೆಯಲ್ಲಿದ್ದ ತನ್ನ ಹಾರ್ಡ್‌ವೇರ್ ಅಂಗಡಿಗೆ ಬಂದವರಿಗೆಲ್ಲ ಈರೇಶನ ಕ್ಲಾಸಿನ ವಿಳಾಸ ಬರೆದು ಕೊಡುತ್ತಿದ್ದ.

ಯಮುನಾ ಇಂದಿರಾನಗರದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ರಿಪೋರ್ಟು ಬರೆಯುವುದು ಎಂಟು ವರ್ಷದ ಅಭ್ಯಾಸ. ಅತ್ತೆಯ ಮುಖ ದುಂಡಗಾಗುತ್ತಿರುವುದನ್ನು ಮನೆಯಲ್ಲಿ ಮೊದಲು ಕಂಡವಳು ಅವಳೇ. ಕೆನ್ನೆ ಉಬ್ಬಿ, ಕತ್ತಿನ ಹಿಂದೆ ಮಾಂಸ ಗುಪ್ಪೆಯಾಗಿತ್ತು. ಕೈ ಕಾಲು ಮಾತ್ರ ತೆಳ್ಳಗೆ. ಬಳೆ ತಗುಲಿದರೂ ಮೊಣಕೈ ಕೆಳಗೆ ನೀಲಿ ಕಟ್ಟುತ್ತಿತ್ತು. ಊಟಕ್ಕೆ ಎರಡು ಮುದ್ದೆ ಸಾಲುತ್ತಿರಲಿಲ್ಲ.

"ಮೈ ಹಿಡಿದೈತೆ, ಆರೋಗ್ಯ ಬಂದೈತೆ" ಎಂದಳು ಮಾರಕ್ಕ.

ಯಮುನಾ ಒಂದು ಭಾನುವಾರ ಬಲವಂತದಿಂದ ಅತ್ತೆಯ ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಎಂದೂ ಇಲ್ಲದ ಸಕ್ಕರೆ ಇನ್ನೂರೈವತ್ತು ದಾಟಿತ್ತು.

ಉಸಿರಾಟದಿಂದ ಸಕ್ಕರೆ ಏರುವುದಿಲ್ಲ. ಅತ್ತೆ ಇನ್ನೇನನ್ನೋ ತೆಗೆದುಕೊಳ್ಳುತ್ತಿದ್ದಾಳೆ ಎಂದು ಯಮುನಾಳಿಗೆ ಅಂದೇ ಖಾತ್ರಿಯಾಯಿತು. ಅತ್ತೆ ಸ್ನಾನಕ್ಕೆ ಹೋದಾಗ ಹುಡುಕಿದಳು. ದೇವರ ಗೂಡಿನಲ್ಲಿ, ಪಟದ ಹಿಂದೆ, ಹಳೆಯ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ಮಡಿಸಿದ ಕಾಗದದ ಪೊಟ್ಟಣಗಳು, ಒಂದೊಂದರಲ್ಲೂ ಅರ್ಧ ಚಮಚದಷ್ಟು ಕಂದು ಪುಡಿ. ಪೊಟ್ಟಣದ ಕಾಗದ ಹಳೆಯ ಪೇಪರಿನ ಚೂರು. ಯಮುನಾ ಒಂದನ್ನು ಬಿಡಿಸಿ ಓದಿದಳು. ಕೊಪ್ಪಳದ ನೀರಿನ ಸುದ್ದಿ. ಇನ್ನೊಂದನ್ನು ಬಿಡಿಸಿದಳು. ಗಂಗಾವತಿಯ ಭತ್ತದ ಸುದ್ದಿ. ಬೆಂಗಳೂರಿನಲ್ಲಿ ಆ ಪುಟ ಬರುವುದಿಲ್ಲ. ಊರಿನಿಂದ ಬರುವವರ ಕೈಯಲ್ಲಿ ಆ ಪೇಪರು ತರಿಸಿಕೊಳ್ಳುತ್ತಿದ್ದವನು ಆ ವಠಾರಕ್ಕೆಲ್ಲ ಒಬ್ಬನೇ.

ಮಾರಕ್ಕ ಕೂದಲು ಒರೆಸುತ್ತಾ ಬಂದವಳು ಸೊಸೆಯ ಕೈಯಲ್ಲಿ ಡಬ್ಬಿ ಕಂಡು ಅಲ್ಲೇ ನಿಂತಳು.

"ಅತ್ತೆ, ಇದೇನು?"

"ಯೋಗಕ್ಕೆ ಓಗೋಕೆ ಮುಂಚೆ ತಗೊಳ್ಳೋದು. ಇಡು ಅಲ್ಲಿ."

"ಯಾರು ಕೊಟ್ಟಿದ್ದು?"

"ಯಾರಾನಾ ಕೊಡ್ಲಿ. ನಂಗೆ ಉಸಿರು ಬತ್ತೈತೆ. ನಿಂಗೆ ಅದೇ ಸಂಕ್ಟಾನಾ?"

"ಇದ್ರಲ್ಲಿ ಸ್ಟೀರಾಯ್ಡ್ ಬೆರೆಸಿರ್ತಾರೆ ಅತ್ತೆ. ಎಷ್ಟೋ ಜನ ಹೀಗೆ ಪುಡಿ ತಿಂದು ನಮ್ಮ ಲ್ಯಾಬಿಗೆ ಬರ್ತಾರೆ."

"ನಿಂಗೆ ಎಲ್ಲಾದ್ರಾಗೂ ಅನುಮಾನ" ಎಂದು ಮಾರಕ್ಕ ಡಬ್ಬಿ ಕಿತ್ತುಕೊಂಡಳು.

ಸಂಜೆ ಯಮುನಾ ಗಂಡನಿಗೆ ಹೇಳಿದಳು. ಪ್ರೇಮ್‌ಕುಮಾರ್ ಟಿ.ವಿ.ಯಿಂದ ಕಣ್ಣು ತೆಗೆಯದೆ ಕೇಳಿದ.

"ಅಮ್ಮ ಉಸಿರು ಕಟ್ಟಿ ಕೂತಿದ್ದಾಗ ಚೆನ್ನಾಗಿತ್ತು ನಿಂಗೆ. ಈಗ ಎದ್ದು ಓಡಾಡ್ತಾವ್ರೆ, ಅದು ನೋಡೋಕಾಗ್ತಿಲ್ಲ" ಎಂದ.

ಆ ಮಾತು ಯಮುನಾಳಿಗೆ ಬಹಳ ಆಳಕ್ಕೆ ನಾಟಿತು. ಅವಳು ಆಮೇಲೆ ಆ ವಿಷಯ ಗಂಡನ ಮುಂದೆ ಎತ್ತಲಿಲ್ಲ.

ಮುಂದಿನ ಭಾನುವಾರ ಅವಳು ಅತ್ತೆಯ ಹಿಂದೆ ಕ್ಲಾಸಿಗೆ ಹೋದಳು. ಇಪ್ಪತ್ತು ಮಂದಿ ಜಮಖಾನದ ಮೇಲೆ ಕೂತಿದ್ದರು. ಟೈಲರುಗಳು, ಬೇಕರಿಯವರು, ಗಾರೆ ಕೆಲಸದವರು, ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಈರೇಶ ಕೂಗಾಡುತ್ತಿರಲಿಲ್ಲ. ಸಾಲುಗಳ ನಡುವೆ ಮೆಲ್ಲಗೆ ಓಡಾಡುತ್ತಾ ಮಾತಾಡುತ್ತಿದ್ದ.

"ಒಳಗ ಎಳಕೊಳ್ಳೂದು ದೊಡ್ಡ ಮಾತಲ್ರೀ. ಹೊರಗ ಬಿಡೂದು ದೊಡ್ಡದು. ದಮ್ಮಿದ್ದವರಿಗೆ ಹಳೇ ಗಾಳಿ ಒಳಗ ಉಳಕೊಂಡಿರತೈತಿ. ತುಟಿ ಗುಂಡಗ ಮಾಡ್ರಿ. ಕೊಳವ್ಯಾಗ ಒಲಿ ಊದತೀರಲ್ಲ, ಹಂಗ. ಆದರ ಜೋರಾಗಿ ಬ್ಯಾಡ, ಸಾವಕಾಶ."

ಆಮೇಲೆ ಒಂದು ಮೂಗಿನ ಹೊಳ್ಳೆಯಿಂದ ಎಳೆದು ಇನ್ನೊಂದರಿಂದ ಬಿಡುವುದು, ಬಾಯಿ ಮುಚ್ಚಿ ದುಂಬಿಯಂತೆ ಗುಂಯ್ ಎನ್ನುವುದು, ಬೋರಲು ಮಲಗಿ ಕೈಮೇಲೆ ಹಣೆ ಇಟ್ಟು ವಿಶ್ರಾಂತಿ. ಹೊಟ್ಟೆಯನ್ನು ರಭಸವಾಗಿ ಒಳಕ್ಕೆ ಹೊಡೆಯುವ ಕಪಾಲಭಾತಿಯನ್ನು ಒಬ್ಬ ಕಲಿಸಿ ಎಂದು ಕೇಳಿದ. "ಉಬ್ಬಸ ಇದ್ದವರಿಗೆ ಅದು ಬ್ಯಾಡ್ರೀ, ಎದಿ ಬಿಗೀತೈತಿ" ಎಂದು ಈರೇಶ ನಿರಾಕರಿಸಿದ. ಯಮುನಾ ಇದನ್ನೆಲ್ಲ ಬಾಗಿಲ ಬಳಿ ನಿಂತು ನೋಡಿದಳು. ತಪ್ಪು ಹುಡುಕಲು ಬಂದವಳಿಗೆ ತಪ್ಪು ಸಿಗಲಿಲ್ಲ. ಅದರಿಂದ ಅವಳ ಅನುಮಾನ ಕಡಿಮೆಯಾಗುವ ಬದಲು ಹೆಚ್ಚಾಯಿತು. ಹೊರಗೆ ಇಷ್ಟು ಅಚ್ಚುಕಟ್ಟಾಗಿರುವವನು ಒಳಗೆ ಪುಡಿ ಕೊಟ್ಟರೆ ಯಾರು ನಂಬುತ್ತಾರೆ?

ಕೊನೆಗೆ ಈರೇಶ ಒಬ್ಬೊಬ್ಬರ ಕೈಗೂ ಪ್ಲಾಸ್ಟಿಕ್ ಕೊಳವೆಯೊಂದನ್ನು ಕೊಟ್ಟು ಊದಿಸಿದ. ಉಸಿರಿನ ರಭಸ ಅಳೆಯುವ ಮೀಟರು ಅದು. ಬಂದ ಅಂಕಿಯನ್ನು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ಯಮುನಾಳ ಬಳಿ ಬಂದ.

"ಅಕ್ಕಾರ, ಅಮ್ಮಾರು ಪಂಪು ದಿನಾ ತಗೋತಾರೇನ್ರಿ?"

"ಯಾಕೆ?"

"ಕೇಳಿದ್ರ ಹೂಂ ಅಂತಾರ. ಆದರೂ... ಮನ್ಯಾಗ ಮತ್ತೇನರ ತಗೋತಾರೇನು? ಪುಡಿ, ಲೇಹ್ಯ, ಅಂಥಾದ್ದು?"

ಯಮುನಾ ಅವನ ಕಣ್ಣನ್ನೇ ನೋಡಿದಳು. ನನಗೆ ಎಷ್ಟು ಗೊತ್ತಿದೆ ಎಂದು ಅಳೆಯಲು ಬಂದಿದ್ದಾನೆ ಎಂದುಕೊಂಡಳು.

"ಅದು ನಿಮಗೇ ಗೊತ್ತಿರ್ಬೇಕಲ್ಲ" ಎಂದಳು.

ಈರೇಶ ಏನೋ ಹೇಳಹೊರಟ. ಅಷ್ಟರಲ್ಲಿ ಮಾರಕ್ಕ ಚಪ್ಪಲಿ ಮೆಟ್ಟಿ ಬಂದಳು. ಅವನು ಸುಮ್ಮನಾದ. ಆ ಮೌನವನ್ನೂ ಯಮುನಾ ಅವನ ವಿರುದ್ಧದ ಸಾಕ್ಷಿಗೇ ಸೇರಿಸಿಕೊಂಡಳು.

ಮನೆಗೆ ಬಂದ ಮೇಲೆ ಅವಳು ಒಂದು ತೀರ್ಮಾನಕ್ಕೆ ಬಂದಳು. ಹೇಳಿದರೆ ಯಾರೂ ಕೇಳುವುದಿಲ್ಲ. ಪುಡಿಯನ್ನು ತಾನೇ ತೆಗೆದುಬಿಟ್ಟರಾಯಿತು. ಉಬ್ಬಸ ಮತ್ತೆ ಶುರುವಾದರೆ ಎಲ್ಲ ಪುಡಿಯದೇ ಕೈವಾಡ ಎಂದು ಗಂಡನಿಗೂ ಅತ್ತೆಗೂ ಗೊತ್ತಾಗುತ್ತದೆ. ಆಗ ಪಂಪು ಕೊಟ್ಟು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬಹುದು. ಇನಾಯತ್ ಉಲ್ಲಾ ಅವರನ್ನು ಒಂದು ಮಾತು ಕೇಳಬಹುದಿತ್ತು. ಲ್ಯಾಬಿನ ಡಾಕ್ಟರನ್ನು ಕೇಳಬಹುದಿತ್ತು. ಕೇಳಲಿಲ್ಲ. ಎಂಟು ವರ್ಷ ಲ್ಯಾಬಿನಲ್ಲಿದ್ದವಳಿಗೆ ಇಷ್ಟು ಗೊತ್ತಿಲ್ಲವೇ ಎಂಬ ಭರವಸೆ.

ಹಲಸೂರು ಮಾರ್ಕೆಟ್ಟಿನ ಗ್ರಂಥಿಗೆ ಅಂಗಡಿಯಲ್ಲಿ ಶುಂಠಿ, ಮೆಣಸು, ಜ್ಯೇಷ್ಠಮಧು ಕೊಂಡು ತಂದಳು. ಅತ್ತೆ ಇಲ್ಲದ ಒಂದು ಮಧ್ಯಾಹ್ನ ಮಿಕ್ಸಿಯಲ್ಲಿ ಪುಡಿ ಮಾಡಿ, ಬಣ್ಣ ಹೊಂದಿಸಿ, ಒಂದೊಂದೇ ಪೊಟ್ಟಣ ಬಿಡಿಸಿ ಹಳೆಯದನ್ನು ಸುರಿದು ಹೊಸದನ್ನು ತುಂಬಿದಳು. ಮಡಿಕೆಗಳನ್ನು ಇದ್ದ ಗೆರೆಯಲ್ಲೇ ಮಡಿಸಿದಳು. ಹಳೆಯ ಪುಡಿಯನ್ನು ಒಂದು ಸೀಸೆಗೆ ಹಾಕಿ ತನ್ನ ಬ್ಯಾಗಿನಲ್ಲಿಟ್ಟುಕೊಂಡಳು. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂಬ ನಂಬಿಕೆ ಅವಳಿಗೆ ಪೂರ್ತಿ ಇತ್ತು.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಮಾರಕ್ಕ ಮುದ್ದೆ ಅರ್ಧಕ್ಕೇ ಬಿಟ್ಟಳು. ನಾಲ್ಕನೆಯ ದಿನ ಕೈಕಾಲಲ್ಲಿ ಶಕ್ತಿಯೇ ಇಲ್ಲ ಎಂದಳು, ಎರಡು ಸಲ ವಾಂತಿ ಮಾಡಿಕೊಂಡಳು. ಉಬ್ಬಸ ಬರುತ್ತದೆಂದು ಕಾಯುತ್ತಿದ್ದ ಯಮುನಾಳಿಗೆ ಈ ವಾಂತಿ ಅರ್ಥವಾಗಲಿಲ್ಲ. ಹೊರಗಿನದೇನೋ ತಿಂದಿರಬೇಕು ಎಂದುಕೊಂಡಳು. ಐದನೆಯ ದಿನ ಬೆಳಿಗ್ಗೆ ಎದೆಯ ಸಿಳ್ಳೆ ಶುರುವಾಗಿತ್ತು. ಇವತ್ತು ಕ್ಲಾಸು ಬೇಡ ಎಂದು ಯಮುನಾ ಎಷ್ಟು ಹೇಳಿದರೂ ಮಾರಕ್ಕ ಕೇಳಲಿಲ್ಲ. ಉಸಿರಾಟ ಮಾಡಿದರೆ ಸರಿಹೋಗುತ್ತದೆ ಎಂದು ಹೊರಟೇ ಹೋದಳು.

ಏಳೂವರೆಗೆ ಎದುರು ಮನೆಗೆ ಫೋನು ಬಂತು. ಕ್ಲಾಸಿನಲ್ಲಿ ತುಟಿ ಗುಂಡಗೆ ಮಾಡಿ ಉಸಿರು ಬಿಡುತ್ತಿದ್ದ ಮಾರಕ್ಕ ಹಾಗೇ ಪಕ್ಕಕ್ಕೆ ವಾಲಿದಳಂತೆ. ಮೈಯೆಲ್ಲ ತಣ್ಣಗಾಗಿತ್ತಂತೆ. ಈರೇಶನೂ ಪೋಸ್ಟ್‌ಮ್ಯಾನೂ ಸೇರಿ ಆಟೋದಲ್ಲಿ ಹಾಕಿ ಹಲಸೂರಿನ ಒಂದು ನರ್ಸಿಂಗ್ ಹೋಮಿಗೆ ತಂದಿದ್ದರು.

ಯಮುನಾ, ಪ್ರೇಮ್‌ಕುಮಾರ್ ಅಲ್ಲಿಗೆ ಹೋಗುವ ಹೊತ್ತಿಗೆ ಇನಾಯತ್ ಉಲ್ಲಾ ಅವರನ್ನೂ ಕರೆಸಿದ್ದರು. ಬಿಳಿ ಗಡ್ಡದ, ಎತ್ತರದ ಮನುಷ್ಯ. ವಾರ್ಡಿನಿಂದ ಹೊರಗೆ ಬಂದು ನೇರವಾಗಿ ವಿಷಯಕ್ಕೇ ಬಂದರು.

"ಬಿ.ಪಿ. ತುಂಬಾ ಕೆಳಗೆ ಹೋಗಿದೆ. ಇದು ಬರೀ ಅಸ್ತಮಾ ಅಲ್ಲ. ಮುಖ ನೋಡಿದ್ರೆ ನಂಗೆ ಒಂದು ಡೌಟು. ನಿಮ್ಮ ಅಮ್ಮ ಯಾವುದಾದ್ರೂ ಔಷಧಿ ತಗೋತಾ ಇದ್ದು ಈಗ ದಿಢೀರ್ ಅಂತ ನಿಲ್ಸಿದ್ರಾ? ಬೇಗ ಹೇಳಿ. ಯಾವ ಇಂಜೆಕ್ಷನ್ ಅನ್ನೋದು ಅದರ ಮೇಲಿದೆ."

"ಇಲ್ಲ ಸಾರ್" ಎಂದ ಪ್ರೇಮ್‌ಕುಮಾರ್. "ಏನೂ ನಿಲ್ಸಿಲ್ಲ."

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಯಮುನಾಳಿಗೆ ಒಂದು ಗಳಿಗೆ ಬಂತು. ಬಂದದ್ದಕ್ಕೆ ಅವಳು ಆಮೇಲೆ ಎಷ್ಟೋ ದಿನ ತನ್ನನ್ನೇ ಹಳಿದುಕೊಂಡಳು.

"ನಿಲ್ಸಿದೀನಿ ಸಾರ್" ಎಂದಳು. "ನಾನು. ಒಂದು ಪುಡಿ ತಗೋತಿದ್ರು. ಐದು ತಿಂಗಳು ಆಗಿರ್ಬೇಕು. ಅದನ್ನ ತೆಗೆದು ಬೇರೆ ಹಾಕಿಟ್ಟೆ. ಐದು ದಿನ ಆಯ್ತು."

ಬ್ಯಾಗಿನಿಂದ ಸೀಸೆ ತೆಗೆದು ಕೊಟ್ಟಳು. ಡಾಕ್ಟರು ಅದನ್ನು ನೋಡಿ, ತಕ್ಷಣ ಒಳಗೆ ಹೋದರು. ನರ್ಸಿಗೆ ಏನೋ ಹೇಳುವುದು ಕೇಳಿಸಿತು. ಕಾಲು ಗಂಟೆ ಬಿಟ್ಟು ಬಂದರು.

"ಸ್ಟೀರಾಯ್ಡೇ ಇರಬೇಕು. ಹೊರಗಿಂದ ತಿಂಗಳುಗಟ್ಟಲೆ ಬರ್ತಾ ಇದ್ರೆ ಮೈ ತನ್ನದು ತಾನು ಮಾಡ್ಕೊಳ್ಳೋದನ್ನ ಬಿಟ್ಟುಬಿಡುತ್ತೆ. ಅಂಥಾದ್ದನ್ನ ಒಮ್ಮೆಗೇ ಕಿತ್ಕೊಂಡ್ರೆ ಮೈಗೆ ನಿಲ್ಲೋಕೆ ಏನೂ ಇರಲ್ಲ. ಇಳಿಸ್ತಾ ಇಳಿಸ್ತಾ ನಿಲ್ಲಿಸ್ಬೇಕು. ನೀನು ಲ್ಯಾಬಲ್ಲಿ ಕೆಲಸ ಮಾಡ್ತೀಯಲ್ಲಮ್ಮಾ?"

"ಹೌದು ಸಾರ್."

"ನಿನ್ನ ಅನುಮಾನ ಸರಿ ಇತ್ತು. ನನ್ನನ್ನ ಒಂದ್ಸಲ ಕೇಳ್ಬೇಕಿತ್ತು" ಎಂದರು ಅವರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಯಮುನಾಳಿಗೆ.

ಪ್ರೇಮ್‌ಕುಮಾರ್ ಹೆಂಡತಿಯನ್ನು ಬಹಳ ಹೊತ್ತು ನೋಡಿದ. ಅವನು ಏನು ಯೋಚಿಸುತ್ತಿದ್ದಾನೆಂದು ಅವಳಿಗೆ ತಿಳಿಯಿತು. ಬೇಕೆಂದೇ ಮಾಡಿದಳೇ ಎಂಬ ಪ್ರಶ್ನೆ ಅವನ ಮುಖದಲ್ಲಿತ್ತು. ಅದನ್ನು ಕೇಳಲು ಅವನಿಗೆ ಧೈರ್ಯ ಬರಲಿಲ್ಲ. ಕೇಳಬಹುದಾದ ಇನ್ನೊಂದನ್ನು ಕೇಳಿದ.

"ಪುಡಿ ಅವನು ಕೊಟ್ಟಿದ್ದಾ?"

ಈರೇಶ ಕಾರಿಡಾರಿನ ಕೊನೆಯ ಬೆಂಚಿನ ಮೇಲೆ ಮಾರಕ್ಕನ ಚಪ್ಪಲಿ, ಚೀಲ ಹಿಡಿದು ಕೂತಿದ್ದ.

"ಅವರ ಊರಿನ ಪೇಪರಲ್ಲಿ ಕಟ್ಟಿತ್ತು" ಎಂದಳು ಯಮುನಾ. "ಯೋಗಕ್ಕೆ ಮುಂಚೆ ತಗೊಳ್ಳೋದು ಅಂದ್ರು ಅತ್ತೆ."

ಪ್ರೇಮ್‌ಕುಮಾರ್ ಈರೇಶನ ಬಳಿಗೆ ಹೋಗಿ ಚೀಲ ಕಸಿದುಕೊಂಡ. ಕಾಲರು ಹಿಡಿದು ಎಬ್ಬಿಸಿದ. "ಯಾವ ಪುಡೀರೀ, ನಂಗ ಗೊತ್ತಿಲ್ರೀ" ಎಂಬ ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಅದೇ ಮಧ್ಯಾಹ್ನ ಪ್ರೇಮ್‌ಕುಮಾರ್ ಮನೆಗೆ ಹೋಗಿ ಕೊನೆಯ ಕೋಣೆಯ ಬೀಗ ಒಡೆದು, ಒಳಗಿದ್ದ ಚಾಪೆ, ಪಾತ್ರೆ, ಟ್ರಂಕು ಎಲ್ಲವನ್ನೂ ಬೀದಿಗೆ ಹಾಕಿಸಿದ. ವಠಾರದವರು ಬಾಗಿಲಲ್ಲಿ ನಿಂತು ನೋಡಿದರು. ಮೊನ್ನೆ ತನಕ ಅವನನ್ನು ಹೊಗಳುತ್ತಿದ್ದವರೇ ಅವನ ಮೇಲೆ ತಮಗೆ ಮೊದಲಿನಿಂದಲೂ ಸಂಶಯವಿತ್ತು ಎಂದರು. ಈರೇಶ ಬಂದು ಸಿಕ್ಕಿದ್ದನ್ನು ಆಟೋಗೆ ತುಂಬಿಕೊಂಡು ಹೋದ.

ಯಮುನಾ ಸಂಜೆ ಅತ್ತೆಗೆ ಬಟ್ಟೆ ಒಯ್ಯಲು ಮನೆಗೆ ಬಂದಾಗ ಹಿತ್ತಲ ಕಲ್ಲಿನ ಬಳಿ ನೀಲಿ ರಟ್ಟಿನ ಪುಸ್ತಕ ಬಿದ್ದಿತ್ತು. ಎತ್ತಿಕೊಂಡಳು. ಇದರಲ್ಲೇ ಎಲ್ಲ ಸಿಗುತ್ತದೆ, ಯಾರಾರಿಗೆ ಎಷ್ಟೆಷ್ಟು ಪುಡಿ ಕೊಟ್ಟಿದ್ದಾನೆಂದು ಬರೆದಿರುತ್ತಾನೆ ಎಂಬ ಆಸೆಯಿಂದಲೇ ಬಿಡಿಸಿದಳು. ಮಾರಕ್ಕನಿಗೆ ನಾಲ್ಕು ಪುಟಗಳಿದ್ದವು. ದಿನದಿನದ ಮೀಟರಿನ ಅಂಕಿ. ಮೊದಲ ತಿಂಗಳು ನೂರೈವತ್ತರಿಂದ ನೂರೆಂಬತ್ತಕ್ಕೆ ಮೆಲ್ಲಮೆಲ್ಲಗೆ ಏರಿತ್ತು. ಆಮೇಲೆ ಹತ್ತೇ ದಿನದಲ್ಲಿ ಇನ್ನೂರ ತೊಂಬತ್ತು. ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಅಕ್ಷರ: "ಇದು ಉಸಿರಾಟದಿಂದ ಆದದ್ದಲ್ಲ. ಕೇಳಬೇಕು." ಅದರ ಕೆಳಗೆ ಇನ್ನೊಂದು ತಾರೀಖು: "ಕೇಳಿದೆ. ಏನೂ ಇಲ್ಲ ಅಂದರು. ನಂಬಿಕೆ ಬರಲಿಲ್ಲ." ಕೊನೆಯ ಪುಟದಲ್ಲಿ, ಯಮುನಾ ಕ್ಲಾಸಿಗೆ ಹೋಗಿದ್ದ ಭಾನುವಾರದ ಎದುರು: "ಸೊಸೆಯವರನ್ನು ಕೇಳಿದೆ. ಅವರೇ ಏನಾದರೂ ಕೊಡುತ್ತಿರಬಹುದೇ? ಡಾಕ್ಟರಿಗೆ ತಿಳಿಸಬೇಕು."

ಅವಳು ಆ ಸಾಲನ್ನು ನಿಂತಲ್ಲೇ ನಾಲ್ಕೈದು ಸಲ ಓದಿದಳು. ಅವನೂ ಅವಳನ್ನು ಅನುಮಾನಿಸಿದ್ದ.

ಮಾರಕ್ಕ ಮಾತಾಡುವಷ್ಟು ಚೇತರಿಸಿಕೊಂಡದ್ದು ಮೂರನೆಯ ದಿನ. ಪ್ರೇಮ್‌ಕುಮಾರ್ ದಿಂಬು ಸರಿಮಾಡುತ್ತಾ, ಆ ಯೋಗದವನನ್ನು ಓಡಿಸಿಬಿಟ್ಟೆ ಎಂದ.

"ಯಾಕೆ?"

"ನಿಂಗೆ ವಿಷದ ಪುಡಿ ಕೊಟ್ಟಿದ್ನಲ್ಲಮ್ಮಾ."

ಮಾರಕ್ಕ ಕಣ್ಣು ಮುಚ್ಚಿಕೊಂಡಳು. "ಅವನ್ಯಾಕೆ ಕೊಡ್ತಾನೆ" ಎಂದಳು. "ಪುಡಿ ಗಿಡಿ ಮುಟ್ಟಿದ್ರೆ ಕ್ಲಾಸಿಗೆ ಬರ್ಬೇಡಿ, ಪಂಪು ಬಿಡ್ಬೇಡಿ ಅಂತ ದಿನಾ ಬಡ್ಕೊಂತಿದ್ದ. ಅದು ನನ್ ತಂಗಿ ಮುನಿಲಕ್ಷ್ಮಿ ಕೊಡ್ಸಿದ್ದು. ಕೆ.ಆರ್. ಪುರದ ಸಂತೇಲಿ ಒಬ್ಬ ಕೂತ್ಕೊಂತಾನೆ. ಅವಳಿಗೂ ಉಬ್ಬಸ ಅಲ್ವಾ, ಅವಳೂ ತಗೊಂತಾವ್ಳೆ."

"ಮತ್ತೆ ಆ ಪೇಪರು?" ಎಂದಳು ಯಮುನಾ.

"ಗೂಡಿಗೆ ಹಾಸೋಕೆ ಅಂತ ಈರೇಶನ್ನ ಕೇಳಿ ತಂದಿದ್ದೆ. ಉಳಿದಿದ್ದರಲ್ಲಿ ದಿನಕ್ಕೊಂದು ಅಂತ ಪೊಟ್ಟಣ ಕಟ್ಟಿಟ್ಟೆ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಮುಂದುವರಿದಳು. "ಪುಡಿಯಿಂದ ಅಂತ ಯಾರಿಗೂ ಯೋಳೋಕೆ ಮನಸು ಬರ್ಲಿಲ್ಲ. ನಾನೇ ಉಸಿರಾಟ ಮಾಡಿ ವಾಸಿ ಮಾಡ್ಕೊಂಡೆ ಅನ್ನೋದು ಚೆನ್ನಾಗಿತ್ತು."

ಪ್ರೇಮ್‌ಕುಮಾರ್ ತಲೆ ತಗ್ಗಿಸಿ ಹೊರಗೆ ಹೋದ. ಯಮುನಾ ಅಲ್ಲೇ ನಿಂತು, ಪುಡಿ ಬದಲಿಸಿದ್ದು ತಾನೆಂದು ಅತ್ತೆಗೆ ಹೇಳಿದಳು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಮುಂಚೆ ತಾನೇ ಹೇಳಬೇಕೆಂದು ನಿರ್ಧರಿಸಿದ್ದಳು. ಮಾರಕ್ಕ ಪೂರ್ತಿ ಕೇಳಿಸಿಕೊಂಡಳು. ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ಯಮುನಾ ಪುಸ್ತಕ ಹಿಡಿದು ಜೋಗುಪಾಳ್ಯಕ್ಕೆ ಹೋದಳು. ಈರೇಶ ಶಾಲೆಯ ವಾಚ್‌ಮನ್ ನಿಂಗಣ್ಣನ ಶೆಡ್ಡಿನಲ್ಲಿ ಉಳಿದುಕೊಂಡಿದ್ದ. ಟ್ರಂಕಿನ ಒಂದು ಮೂಲೆ ನಜ್ಜುಗುಜ್ಜಾಗಿತ್ತು. ಅವಳನ್ನು ಕಂಡು ಎದ್ದು ನಿಂತ, ಬಾಗಿಲು ದಾಟಿ ಬರಲಿಲ್ಲ.

"ತಪ್ಪಾಯ್ತು" ಎಂದಳು ಯಮುನಾ. "ಪುಡಿ ನಿಮ್ಮದಲ್ಲ ಅಂತ ಅತ್ತೆ ಹೇಳಿದ್ರು. ವಾಪಸ್ ಬನ್ನಿ. ಕೋಣೆ ಹಾಗೇ ಇದೆ."

ಈರೇಶ ಪುಸ್ತಕ ತೆಗೆದುಕೊಂಡು ಹಾಳೆ ತಿರುವಿ ನೋಡಿದ.

"ಓದಿದ್ರೇನ್ರಿ?"

"ಓದಿದೆ."

"ಹಂಗಾದ್ರ ನಾನೂ ತಪ್ಪಾತಂತ ಅನಬೇಕು. ನಿಮ್ಮ ಮ್ಯಾಲ ಬರದೀನಿ." ಅವನು ಪುಸ್ತಕ ಮುಚ್ಚಿದ. "ಆದರ ಅಕ್ಕಾರ, ಆ ಮನಿಗೆ ಬರೂದಿಲ್ರೀ. ನಾಳೆ ಯಾರಿಗರ ಕೆಮ್ಮು ಬಂದ್ರ ಮತ್ತ ನನ್ನ ಟ್ರಂಕು ಬೀದಿಗೆ ಬರತೈತಿ. ಅಮ್ಮಾರಿಗೆ ಡಾಕ್ಟರು ಹೂಂ ಅಂದ್ರ ಕ್ಲಾಸಿಗೆ ಕಳಸ್ರಿ. ಡಾಕ್ಟರ ಚೀಟಿ ಇಲ್ಲದ ಇನ್ನ ಮ್ಯಾಲ ಯಾರನ್ನೂ ಕೂಡಿಸಿಕೊಳ್ಳೂದಿಲ್ಲ."

ಪ್ರೇಮ್‌ಕುಮಾರ್ ಆ ವಾರವೇ ಹೋಗಿ ಕ್ಷಮೆ ಕೇಳಿ ಬಂದ. ಅವನಿಗೂ ಅದೇ ಉತ್ತರ ಸಿಕ್ಕಿತು.

ಮಾರಕ್ಕ ಹತ್ತು ದಿನಕ್ಕೆ ಮನೆಗೆ ಬಂದಳು. ಡಾಕ್ಟರು ಸ್ಟೀರಾಯ್ಡ್ ಮಾತ್ರೆಯನ್ನು ವಾರವಾರ ಇಳಿಸುವಂತೆ ಬರೆದುಕೊಟ್ಟಿದ್ದರು. ಪಂಪು ಎರಡು ಹೊತ್ತು. ಬಿಡುವ ಉಸಿರಿನ ಅಭ್ಯಾಸ ಒಳ್ಳೆಯದೇ, ಆದರೆ ಅದು ಪಂಪಿನ ಜೊತೆಗೆ, ಪಂಪಿನ ಬದಲಿಗೆ ಅಲ್ಲ ಎಂದಿದ್ದರು. ಮಾತ್ರೆಯ ಹಾಳೆಗಳನ್ನು ಮಾರಕ್ಕ ಸೆರಗಿನ ಗಂಟಿಗೆ ಹಾಕಿಕೊಂಡಳು. ಯಮುನಾ ಕಾಫಿ ತಂದಿಟ್ಟರೆ ಆರಿಹೋಗುವವರೆಗೂ ಮುಟ್ಟುತ್ತಿರಲಿಲ್ಲ. ಪ್ರೇಮ್‌ಕುಮಾರ್ ಅದೇ ಪಾತ್ರೆಯಿಂದ ಬಗ್ಗಿಸಿಕೊಂಡು ಕುಡಿದ ಮೇಲೆ ತಾನು ಕುಡಿಯುತ್ತಿದ್ದಳು. ಸಾರಿನಲ್ಲಿ ಶುಂಠಿಯ ವಾಸನೆ ಬಂದರೆ ತಟ್ಟೆ ಸರಿಸುತ್ತಿದ್ದಳು. ಯಮುನಾ ಇದನ್ನೆಲ್ಲ ನೋಡಿಯೂ ನೋಡದಂತಿದ್ದಳು. ಕ್ಲಾಸಿಗೆ ಅತ್ತೆಯನ್ನು ಈಗ ಅವಳೇ ಕರೆದುಕೊಂಡು ಹೋಗುತ್ತಿದ್ದಳು. ಬಸ್ಸಿನಲ್ಲಿ ಪಕ್ಕಪಕ್ಕ ಕೂತರೂ ಇಬ್ಬರೂ ಕಿಟಕಿಯಾಚೆ ನೋಡುತ್ತಿದ್ದರು. ಮೀಟರು ನೂರೆಪ್ಪತ್ತು ತೋರಿಸುತ್ತಿತ್ತು. ಒಂದು ತಿಂಗಳಾದ ಮೇಲೆ ನೂರ ತೊಂಬತ್ತೈದು. ಈರೇಶ ಅದನ್ನು ಬರೆದುಕೊಂಡು, ಇದು ನಿಮ್ಮದೇರೀ ಅಮ್ಮಾರ, ಎಂದ.

ಅವತ್ತು ವಾಪಸು ಬರುವಾಗ ಮಾರಕ್ಕ ತಾನಾಗಿಯೇ ಮಾತು ತೆಗೆದಳು.

"ಮುನಿಲಕ್ಷ್ಮಿ ಇನ್ನೂ ತಗೊಂತಾವ್ಳೆ."

"ಗೊತ್ತು ಅತ್ತೆ. ಎರಡ್ಸಲ ಫೋನ್ ಮಾಡಿದ್ದೆ. ನನ್ನ ಮಾತು ಕೇಳಲ್ಲ ಅವರು."

"ನಿನ್ ಮಾತು ಯಾರು ಕೇಳ್ತಾರೆ" ಎಂದಳು ಮಾರಕ್ಕ. ಸ್ವಲ್ಪ ದೂರ ಹೋದ ಮೇಲೆ, "ಭಾನುವಾರ ಓಗಾನ" ಎಂದಳು.

ಕೆ.ಆರ್. ಪುರದಲ್ಲಿ ಮುನಿಲಕ್ಷ್ಮಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಅಕ್ಕನ ಮುಖ ಇಳಿದಿತ್ತು. ತಂಗಿಯದು ಹುಣ್ಣಿಮೆಯ ಹಾಗೆ ಉಬ್ಬಿತ್ತು. ಯಮುನಾ ದೂರದಲ್ಲೇ ನಿಂತಳು. ಮಾರಕ್ಕ ನಡೆದದ್ದನ್ನೆಲ್ಲ ಹೇಳಿದಳು. ಪುಡಿ ಒಳ್ಳೆಯದಲ್ಲ, ಆದರೆ ಒಮ್ಮೆಗೇ ಬಿಡಲೂಬಾರದು, ಡಾಕ್ಟರು ಹೇಳಿದ ಹಾಗೆ ಇಳಿಸಬೇಕು ಎಂದಳು.

ಮುನಿಲಕ್ಷ್ಮಮ್ಮ ಅವರೆಕಾಯಿಯ ಮೊರ ಕೆಳಗಿಟ್ಟು ಯಮುನಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವಳೇ ಅಲ್ವಾ ನಿನ್ ಪುಡಿ ಬದಲಾಯಿಸಿದ್ದು? ನಿನ್ನ ಸಾಯೋ ತನಕ ತಂದವಳ ಮಾತು ಕಟ್ಕೊಂಡು ನನ್ ಹತ್ರ ಬಂದಿದ್ದೀಯಾ ಅಕ್ಕ?"

"ಇವಳೇ" ಎಂದಳು ಮಾರಕ್ಕ. "ನಾನು ಇನ್ನೂ ಇವಳ ಕೈ ಕಾಫಿ ಕುಡಿಯೋಕೆ ಇಂದುಮುಂದು ನೋಡ್ತೀನಿ. ಆದ್ರೆ ಆಸ್ಪತ್ರೇಲಿ ಇವಳು ಬಾಯಿ ಮುಚ್ಕೊಂಡಿದ್ರೆ ನಾನು ಇವತ್ತು ಇರ್ತಿರ್ಲಿಲ್ಲ. ಗಂಡನ ಮುಂದೇನೇ ಒಪ್ಕೊಂಡ್ಳು. ಪುಡಿ ಇಚಾರದಾಗೆ ಇವಳು ಯೋಳಿದ್ದು ಸುಳ್ಳಲ್ಲ. ಏಳು, ಡಾಕ್ಟರು ಇವತ್ತು ಮಧ್ಯಾಹ್ನದ ತನಕ ಇರ್ತಾರೆ."

ಯಮುನಾಳ ಕಣ್ಣು ತುಂಬಿತು. ಅವಳು ರಸ್ತೆಯ ಕಡೆ ತಿರುಗಿ ಆಟೋ ಹುಡುಕುವವಳಂತೆ ನಿಂತಳು.

ಮುನಿಲಕ್ಷ್ಮಮ್ಮ ಮೊರವನ್ನು ಮತ್ತೆ ಎತ್ತಿಕೊಂಡು ನಾಲ್ಕು ಕಾಯಿ ಸುಲಿದಳು. ಒಂದು ಸಲ ಕೆಮ್ಮಿದಳು. ಆಮೇಲೆ ಒಳಗೆ ಹೋಗಿ ಸೀರೆ ಬದಲಿಸಿ, ಕೈಯಲ್ಲೊಂದು ಸ್ಟೀಲಿನ ಡಬ್ಬಿ ಹಿಡಿದು ಬಂದಳು. ಡಾಕ್ಟರಿಗೆ ತೋರಿಸಲು ಪುಡಿ.

"ಕೊಡಿ ಚಿಕ್ಕಮ್ಮ, ನಾನು ಇಟ್ಕೊಂಡಿರ್ತೀನಿ" ಎಂದು ಯಮುನಾ ಕೈ ಚಾಚಿದಳು.

"ಬೇಡ" ಎಂದಳು ಮುನಿಲಕ್ಷ್ಮಮ್ಮ. ಡಬ್ಬಿಯನ್ನು ಮಡಿಲಲ್ಲಿಟ್ಟು, ಮುಚ್ಚಳದ ಮೇಲೆ ಎರಡೂ ಕೈ ಊರಿ ಆಟೋದಲ್ಲಿ ಅಕ್ಕನ ಆಚೆ ಬದಿಗೆ ಕೂತಳು. ಯಮುನಾ ಈಚೆ ಬದಿಗೆ ಕೂತು, ಶಿವಾಜಿನಗರಕ್ಕೆ ನಡೀರಿ, ಎಂದು ಆಟೋದವನಿಗೆ ಹೇಳಿದಳು.